ಗೋಪಮ್ಮನ ಕರಿ ಲಿಂಬೆ

ಗೋಪಮ್ಮನನ್ನು ನಾನು ಮೊದಲು ಕಂಡದ್ದು ದೇವದುರ್ಗದ ಪ್ರೌಢಶಾಲೆಯ ಹಿಂದಿನ ಕೋಣೆಯಲ್ಲಿ, ಇಪ್ಪತ್ತೆರಡು ವರ್ಷಗಳ ಹಿಂದೆ, ಕಾರ್ತಿಕ ಮಾಸದ ಒಂದು ಮಧ್ಯಾಹ್ನ. ಮೇಷ್ಟರಾಗಿ ಆ ಊರಿಗೆ ವರ್ಗವಾಗಿ ಬಂದು ಇನ್ನೂ ಹತ್ತು ದಿನ ಆಗಿರಲಿಲ್ಲ. ಚಳಿಜ್ವರ ಬಂದು ಬಾಯಿ ಕೆಟ್ಟು, ಗಂಜಿ ಸಹ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಜವಾನ ತಾಯಣ್ಣ ಬಾಗಿಲಲ್ಲಿ ನಿಂತು ನೋಡಿ, "ಗುಳಿಗಿ ಆಮ್ಯಾಲ ನುಂಗೀರಂತ ಸರ. ಮೊದಲ ಗೋಪಮ್ಮನ್ನ ಕರ್ಕೊಂಡ ಬರ್ತೀನಿ," ಎಂದು ಹೋದ.

ಬಂದವಳು ಶಾಲೆಯ ಕಸ ಹೊಡೆದು ನೀರು ತುಂಬುವ ಹೆಂಗಸು. ನಲವತ್ತರ ಹತ್ತಿರದ ವಯಸ್ಸು, ಬಡಕಲು ಮೈ, ದೊಡ್ಡ ಅಂಗೈ. ಅವಳು ತಂದ ಮುತ್ತುಗದ ಎಲೆಯ ಮೇಲೆ ಹಳೆಯ ಹುಣಸೆಹಣ್ಣಿನಂತೆ ಕಪ್ಪಗಿದ್ದ ಒಂದು ಹೋಳು ಇತ್ತು.

"ನೋಡಾಕ ಚಂದಿಲ್ರಿ ಸರ. ಕಣ್ಣು ಮುಚ್ಚಿ ಬಾಯಾಗ ಇಟ್ಕೋರಿ. ಅಗೀಬ್ಯಾಡ್ರಿ, ಚೀಪ್ರಿ."

ಎಲೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳು ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ಹೋಳು ಮೊದಲು ಉಪ್ಪೆನಿಸಿತು, ಆಮೇಲೆ ಹುಳಿ, ಕೊನೆಯಲ್ಲಿ ನಾಲಿಗೆಯ ಬುಡಕ್ಕೆ ಒಂದಿಷ್ಟು ಕಹಿ. ಸಂಜೆಯ ಹೊತ್ತಿಗೆ ಹಸಿವಾಗಿ ಅರ್ಧ ರೊಟ್ಟಿ ತಿನ್ನುವಂತಾಯಿತು. ಎಷ್ಟು ವರ್ಷದ ಉಪ್ಪಿನಕಾಯಿ ಎಂದು ಕೇಳಿದರೆ, "ನಮ್ಮ ಗೌತಮನ ವಾರಿಗೀದ್ರಿ. ಅವ ಹುಟ್ಟಿದ ವರ್ಷ ಹಾಕಿದ್ದು," ಎಂದಳು. ಅವಳ ಮಗ ಗೌತಮ ಆಗ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದ.

ಗೋಪಮ್ಮ ಹುಟ್ಟಿದ್ದು ಮಟಮಾರಿಯಲ್ಲಿ. ದೇವದುರ್ಗದ ಪಕೀರಪ್ಪನಿಗೆ ಕೊಟ್ಟು ಮದುವೆ ಮಾಡಿದಾಗ ಅವಳಿಗೆ ಹದಿನೆಂಟು ವರ್ಷ. ಅತ್ತೆಯ ಮನೆಯಲ್ಲಿ ಆಸ್ತಿ ಎನ್ನುವಂಥದ್ದು ಎರಡೇ ಇದ್ದವು: ಹಿತ್ತಲಲ್ಲಿ ಒಂದು ಲಿಂಬೆಯ ಗಿಡ, ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಚೀನಿ ಜಾಡಿ. ನಿಜಾಮರ ಕಾಲದಲ್ಲಿ ಯಾವುದೋ ಜಾಗೀರದಾರರ ಮನೆಯವರು ಬಾಯಂಚು ಒಡೆದಿದೆ ಎಂದು ತಿಪ್ಪೆಗೆ ಹಾಕಿದ್ದನ್ನು ಅತ್ತೆಯ ತಾಯಿ ಹೊತ್ತು ತಂದಿದ್ದಳಂತೆ. ಒಡೆದ ಅಂಚನ್ನು ಅರಗಿನಿಂದ ಮುಚ್ಚಿದ್ದರು.

ಸೊಸೆ ಬಂದ ವರ್ಷವೇ ಅತ್ತೆ ಕೆಲಸ ಕಲಿಸಿದಳು. ಗಿಡದಲ್ಲೇ ಹಳದಿಯಾದ ಕಾಯಿಯನ್ನು ಕೀಳಬೇಕು, ನೆಲಕ್ಕೆ ಬಿದ್ದದ್ದು ಬೇಡ. ತೊಳೆದು, ಒಂದೊಂದನ್ನೂ ಬಟ್ಟೆಯಿಂದ ಒರೆಸಿ, ಒಂದು ಹಗಲು ನೆರಳಲ್ಲಿ ಹರವಬೇಕು. ಬುಡ ಬಿಡದಂತೆ ನಾಲ್ಕು ಸೀಳು ಮಾಡಿ ಹರಳುಪ್ಪು, ಅಜವಾನ, ಚೂರು ಅರಿಶಿನ ತುಂಬಬೇಕು. ಖಾರ ಇಲ್ಲ, ಎಣ್ಣೆ ಇಲ್ಲ. ನಲವತ್ತು ದಿನ ಮುಂಜಾನೆ ಬಿಸಿಲಿಗಿಟ್ಟು, ಹೊತ್ತು ಮುಳುಗುವ ಮೊದಲು ಒಳಗೆ ತಂದು, ದಿನಕ್ಕೊಮ್ಮೆ ಜಾಡಿಯನ್ನು ತಬ್ಬಿ ಕುಲುಕಬೇಕು. ಮೊದಲ ವರ್ಷ ಹೋಳು ಹಳದಿ, ಎರಡನೆಯ ವರ್ಷ ಕಂದು, ಮೂರನೆಯ ವರ್ಷಕ್ಕೆ ಕಪ್ಪು. ಹೊಸದು ಮನೆಯ ಊಟಕ್ಕೆ; ಕಪ್ಪಾದದ್ದು ರೋಗದವರಿಗೆ. ದೊಡ್ಡ ಜಾಡಿಯ ತಳದಲ್ಲಿ ಹಳೆಯದು ಯಾವಾಗಲೂ ಉಳಿದಿರಬೇಕು, ಅದರ ಮೇಲೆ ಹೊಸದು ಬೀಳಬೇಕು.

"ರೋಗಕ್ಕ ಕೇಳಾಕ ಬಂದವರಿಗೆ ಇಲ್ಲ ಅನ್ನಬ್ಯಾಡ," ಎಂದು ಅತ್ತೆ ಹೇಳಿದ್ದಳು. "ಕೊಟ್ಟದ್ದಕ್ಕ ಏನೂ ಇಸ್ಕೋಬ್ಯಾಡ. ನೀರು ತಾಗಿಸಬ್ಯಾಡ. ಇಷ್ಟ ನೋಡು, ಬಾಕಿ ಎಲ್ಲಾ ಬಿಸಿಲೇ ಮಾಡ್ತದ."

ದಸರೆ ಮುಗಿದ ಮೇಲೆ ಆ ಕೇರಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಗೋಪಮ್ಮ ಮತ್ತು ಪಕೀರಪ್ಪ ಎಂಟು ಚಳಿಗಾಲ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿದರು. ಜೊತೆಗೆ ಒಂದು ಡಬ್ಬಿ ತುಂಬ ಆ ವರ್ಷದ ಲಿಂಬೆ. ಶೆಡ್ಡಿನಲ್ಲಿ ಕಾಯಿಪಲ್ಲೆಯಿಲ್ಲದ ದಿನವೇ ಹೆಚ್ಚು; ರೊಟ್ಟಿಯ ಮೇಲೆ ಒಂದು ಹೋಳು ತಿಕ್ಕಿ ಸುರುಳಿ ಸುತ್ತಿ ತಿಂದು ಮೇಲಂತಸ್ತಿಗೆ ಹತ್ತುತ್ತಿದ್ದರು. ಊರಲ್ಲಿ ಅತ್ತೆ ಜಾಡಿ ಕಾಯುತ್ತಿದ್ದಳು. ಗೌತಮ ಹುಟ್ಟಿದ ಮರುವರ್ಷ ಅತ್ತೆ ತೀರಿಕೊಂಡಳು. ಜಾಡಿಯನ್ನು ಬಿಸಿಲಿಗಿಡುವವರು ಇಲ್ಲದಂತಾಯಿತು. ಗೋಪಮ್ಮ ಗುಳೆ ಹೋಗುವುದನ್ನು ಬಿಟ್ಟು ಶಾಲೆಯ ಕಸಬರಿಗೆ ಹಿಡಿದಳು. ಪಕೀರಪ್ಪ ಮುಂದೆಯೂ ಒಬ್ಬನೇ ಹೋಗಿ ಬರುತ್ತಿದ್ದ. ಕೊನೆಗೆ ಎದೆಯ ತುಂಬ ಸಿಮೆಂಟಿನ ಧೂಳು ತಂದುಕೊಂಡು ಎಂಟು ವರ್ಷದ ಕೆಳಗೆ ಸತ್ತ.

ಊರಿನ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಗೋಪಮ್ಮನ ಗಿಡದ ಹಸಿ ಲಿಂಬೆ ಯಾರ ಮನೆಗಾದರೂ ಸಲ್ಲುತ್ತಿತ್ತು. ಮಠಕ್ಕೆ ಹೋಗುತ್ತಿತ್ತು, ಮದುವೆಯ ಪಾನಕಕ್ಕೆ ಬೀಳುತ್ತಿತ್ತು. ಆದರೆ ಅವಳ ಕೈಯ ಉಪ್ಪು ಬಿದ್ದ ಕ್ಷಣ ಅದೇ ಹಣ್ಣು ಅವಳ ಕೇರಿಯ ಅಡುಗೆಯಾಗುತ್ತಿತ್ತು. ಅದನ್ನು ಮೇಲಿನ ಓಣಿಯವರು ಊಟಕ್ಕೆ ಬಡಿಸಿಕೊಳ್ಳುತ್ತಿರಲಿಲ್ಲ. ಕಪ್ಪಾದ ಮೇಲೆ ಮತ್ತೆ ಲೆಕ್ಕ ಬೇರೆ. ಕರಿ ಲಿಂಬೆ ಔಷಧ, ಔಷಧಕ್ಕೆ ಮೈಲಿಗೆಯಿಲ್ಲ ಎಂದು ಯಾರೋ ಹಿರಿಯರು ಹೇಳಿಟ್ಟಿದ್ದರು. ಹೀಗಾಗಿ ದೀಪಾವಳಿಯಿಂದ ಶಿವರಾತ್ರಿಯವರೆಗೆ, ಕೆಮ್ಮು ಜ್ವರದ ಕಾಲದಲ್ಲಿ, ಎಲ್ಲ ಓಣಿಯವರೂ ಅವಳ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಮುಂಬಾಗಿಲಿಗೆ ಬಂದವರು ಕಡಿಮೆ.

ಈಚಿನ ವರ್ಷಗಳಲ್ಲಿ ಅವಳಿಗೆ ಇದೆಲ್ಲ ಸಾಕಾಗಿತ್ತು. ವಯಸ್ಸು ಅರವತ್ತೊಂದು. ಶಾಲೆಯ ಕೆಲಸ ಮುಗಿದಿತ್ತು, ಮೊಣಕಾಲು ಮುಗಿಯುತ್ತ ಬಂದಿದ್ದವು. ಜಾಡಿ ಎತ್ತುವಾಗ ಸೊಂಟ ಹಿಡಿಯುತ್ತಿತ್ತು. ಗೌತಮ ಓದಿ ರಾಯಚೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಸೊಸೆ ಮೌನೇಶ್ವರಿ ಆಸ್ಪತ್ರೆಯಲ್ಲಿ ನರ್ಸು. ಅವರು ವಾರಕ್ಕೊಮ್ಮೆ ಫೋನು ಮಾಡಿ, "ಬಾರವ್ವಾ, ಕೂತು ಉಣ್ಣು," ಎನ್ನುತ್ತಿದ್ದರು. ಅವಳಿಗೂ ಮನಸ್ಸಿತ್ತು. ಆದರೆ ನಲವತ್ತು ದಿನ ಬಿಸಿಲು ಎನ್ನುವುದು ನಲವತ್ತು ದಿನ ಕಟ್ಟಿಹಾಕಿದಂತೆ. ಅದು ಮುಗಿಯುವ ಹೊತ್ತಿಗೆ ಊರಿನಲ್ಲಿ ಕೆಮ್ಮು ಶುರುವಾಗುತ್ತಿತ್ತು.

"ಒಂದ ಗಿಡಕ್ಕ, ಒಂದ ಜಾಡಿಗೆ ಇಷ್ಟ ವರ್ಷ ಜೀತ ಇದ್ದವಳು ನೀ ಒಬ್ಬಾಕಿ ನೋಡು ಗೋಪಕ್ಕಾ," ಎಂದು ಪಕ್ಕದ ಮನೆಯ ಜಾಹೆದಾ ನಗುತ್ತಿದ್ದಳು. ಜಾಹೆದಾ ಬಳೆ ಮಾರುವವಳು. ಗೋಪಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

"ಜೀತಕ್ಕರ ಊಟ ಹಾಕ್ತಾರ. ಇದು ಬರೇ ಹುಳಿ ತಿನ್ನಿಸ್ತದ," ಎಂದು ಗೋಪಮ್ಮ ಸೊಂಟ ಹಿಡಿದು ಕೂಡುತ್ತಿದ್ದಳು.

ಕಳೆದ ದಸರೆ ಮುಗಿದ ವಾರ ಮಾನ್ವಿಯಿಂದ ಒಂದು ಕಾರು ಬಂತು. ಇಳಿದವಳು ಶೈಲಜಾ, ಅಕ್ಕಿ ಗಿರಣಿಯ ಸಾಹುಕಾರರ ಸೊಸೆ. ಅವಳ ಅತ್ತೆ ವೀರಭದ್ರಮ್ಮ ಗೋಪಮ್ಮನಿಗೆ ಹಳೆಯ ಗುರುತು. ಮಳೆಗಾಲದಲ್ಲಿ ಗೋಪಮ್ಮನ ಕೇರಿಯವರೆಲ್ಲ ಆ ಮನೆಯ ಗದ್ದೆಗೆ ನಾಟಿ ಹಚ್ಚಲು ಹೋಗುತ್ತಿದ್ದ ಕಾಲದಲ್ಲಿ, ವೀರಭದ್ರಮ್ಮ ಬಸುರಿಯಾಗಿ ನೀರು ಸಹ ದಕ್ಕದೆ ಮಲಗಿದ್ದಾಗ, ಗೋಪಮ್ಮ ಕೊಟ್ಟ ಕರಿ ಲಿಂಬೆಯಿಂದ ಚೇತರಿಸಿಕೊಂಡಿದ್ದಳು. ಆ ಬಸುರಿನ ಮಗನೇ ಶೈಲಜಾಳ ಗಂಡ.

"ಅತ್ತೆಯವರಿಗೆ ರಾಯಚೂರಾಗ ದೊಡ್ಡ ಟ್ರೀಟ್‌ಮೆಂಟ್ ನಡದದ ಗೋಪಮ್ಮಾರೆ," ಎಂದಳು ಶೈಲಜಾ. "ಕೂದಲು ಎಲ್ಲಾ ಹೋಗ್ಯಾವ. ಏನ್ ಕೊಟ್ರೂ ಒಲ್ಲೆ ಅಂತಾರ. ಗೋಪಿ ಲಿಂಬಿಕಾಯಿ ತರ್ರಿ, ಅದೊಂದೇ ಬಾಯಿಗೆ ಹತ್ತತದ ಅಂತ ಒಂದೇ ಸಮ ಹಟ. ಶಿವರಾತ್ರಿ ತನಕ ಇಂಜೆಕ್ಷನ್ ಅದಾವ್ರಿ. ಒಂದೊಂದು ಹೋಳಿಗೆ ನಾ ಮಾನ್ವಿಯಿಂದ ಓಡಿ ಬರಾಕ ಆಗಂಗಿಲ್ಲ. ಚಳಿಗಾಲ ಪೂರ್ತಿ ಆಗೂವಷ್ಟು ಕೊಡ್ರಿ."

ಇಷ್ಟು ವರ್ಷದಲ್ಲಿ ಗೋಪಮ್ಮ ಯಾರಿಗೂ ಒಂದೆರಡು ಹೋಳಿಗಿಂತ ಹೆಚ್ಚು ಕೊಟ್ಟವಳಲ್ಲ. ದೊಡ್ಡ ಜಾಡಿಯ ತಳದಲ್ಲಿ ಹಳೆಯದು ಸೇರಿನಷ್ಟೂ ಇರಲಿಲ್ಲ. ಆದರೂ ರೋಗದವರಿಗೆ ಇಲ್ಲ ಎನ್ನುವಂತಿರಲಿಲ್ಲ. ಅರ್ಧಕ್ಕಿಂತ ಹೆಚ್ಚನ್ನು ಒಂದು ಸಣ್ಣ ಜಾಡಿಗೆ ತೆಗೆದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕೊಟ್ಟಳು.

"ನೀರೊಂದು ತಾಗಬಾರದ್ರಿ ತಂಗಿ. ಒದ್ದಿ ಕೈ, ಒದ್ದಿ ಚಮಚ, ಏನೂ ಬ್ಯಾಡ. ದಿನಾ ಒಂದ ತಾಸು ಬಿಸಿಲಿಗಿಡ್ರಿ."

"ನಾನೇ ನಿಂತು ನೋಡ್ಕೋತೀನ್ರಿ," ಎಂದಳು ಶೈಲಜಾ. ಹುಡುಗಿ ಒಳ್ಳೆಯವಳು. ಹೋಗುವಾಗ ಎರಡೂ ಕೈಯಿಂದ ಜಾಡಿ ಇಸಿದುಕೊಂಡಳು.

ಮೂರು ವಾರಕ್ಕೆ ಕಾರು ಮತ್ತೆ ಬಂತು. ಈ ಸಲ ಶೈಲಜಾ ಬಂದಿರಲಿಲ್ಲ. ಡ್ರೈವರನೊಬ್ಬನೇ ಬಂದು ಜಾಡಿಯನ್ನು ಕಟ್ಟೆಯ ಮೇಲಿಟ್ಟ. "ಕೆಟ್ಟದಂತ. ಬ್ಯಾರೆ ಇದ್ರ ಕೊಡಬೇಕಂತ," ಎಂದ. ಗೋಪಮ್ಮ ಬಟ್ಟೆ ಬಿಚ್ಚಿದಳು. ಹೋಳುಗಳ ಮೇಲೆ ಬೂದಿಬಣ್ಣದ ಬೂಷ್ಟು ಹತ್ತಿಯಂತೆ ಎದ್ದಿತ್ತು. ಹಸಿ ನೆಲದ ನಾತ. ಮೂವತ್ತು ವರ್ಷದ ಹೋಳುಗಳು ಬೆರಳಿಗೆ ಮೆತ್ತಗೆ ಹತ್ತಿದವು. ಅವಳು ಬಟ್ಟೆಯನ್ನು ಮತ್ತೆ ಕಟ್ಟಿದಳು. ಡ್ರೈವರ ಸ್ವಲ್ಪ ಹೊತ್ತು ಕಾದು, ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ ಕುಳಿತ. ಸಂಜೆಯೊಳಗೆ ಊರಿಗೆ ಸುದ್ದಿ ಹರಡಿತು: ಗೋಪಮ್ಮನ ಕೈ ಕೆಟ್ಟದ.

ಕೈ ಕೆಡುವುದು ಎಂದರೆ ಈ ಕಡೆಯ ಹೆಂಗಸರಿಗೆ ಸಣ್ಣ ಮಾತಲ್ಲ. ಕೆಲವರ ಕೈಯಲ್ಲಿ ಹಾಲು ಹೆಪ್ಪಾಗುವುದಿಲ್ಲ, ಕೆಲವರು ನೆಟ್ಟ ಗಿಡ ಏಳುವುದಿಲ್ಲ. ವಯಸ್ಸಾದ ಮೇಲೆ ಒಳ್ಳೆಯ ಕೈಯೂ ಒಮ್ಮೊಮ್ಮೆ ಹಾಗಾಗುತ್ತದೆ ಎನ್ನುತ್ತಾರೆ. ಅಂಥ ಕೈ ಹಳೆಯ ಜಾಡಿಯನ್ನು ಮುಟ್ಟಿದರೆ ಇರುವುದೂ ಹೋಗುತ್ತದೆ. ಗೋಪಮ್ಮ ಆ ದಿನದಿಂದ ದೊಡ್ಡ ಜಾಡಿಯ ಬಟ್ಟೆ ಬಿಚ್ಚಲಿಲ್ಲ. ಅದೇ ವಾರ ಗಿಡದ ಕಾಯಿ ಹಣ್ಣಾಗಿದ್ದವು. ದಸರೆಯವರೆಗೂ ಮಳೆ ಹಿಡಿದಿದ್ದರಿಂದ ಎಲ್ಲ ತಡವಾಗಿತ್ತು. ಉಪ್ಪು ಬಂದಿತ್ತು, ಅಜವಾನ ಒಣಗಿತ್ತು. ಅವಳು ಒಂದು ಕಾಯಿಯನ್ನೂ ಕೀಳಲಿಲ್ಲ. ಹಣ್ಣುಗಳು ಒಂದೊಂದಾಗಿ ಉದುರಿ ನೆಲದಲ್ಲಿ ಕೊಳೆಯತೊಡಗಿದವು.

"ಏ ಗೋಪಕ್ಕಾ, ನೆಲಕ್ಕ ಉಪ್ಪಿನಕಾಯಿ ಹಾಕಾಕತ್ತಿಯೇನ?" ಎಂದು ಜಾಹೆದಾ ಗೋಡೆಯ ಆಚೆಯಿಂದ ಕೇಳಿದಳು.

"ನೀನ ಹಾಕ್ಕೋ ಬೇ. ನಿನ್ನ ಕೈ ಚೊಲೋ ಅದ."

"ಅಯ್ ಅಲ್ಲಾ! ನನ್ನ ಕೈಲೆ ಬಳಿ ಒಡೀತಾವ, ಜಾಡಿ ಉಳೀತದೇನು?" ಎಂದಳು ಜಾಹೆದಾ. ಗೋಪಮ್ಮ ನಗಲಿಲ್ಲ. ಜಾಹೆದಾ ಗೋಡೆಯ ಮೇಲೆ ಮೊಣಕೈ ಊರಿ, ದನಿ ತಗ್ಗಿಸಿ ಹೇಳಿದಳು: "ಅಕ್ಕಾ, ಅವರ ಮನ್ಯಾಗ ಏನೋ ಆಗ್ಯಾದ. ನಿನ್ನ ಕೈಗೆ ಏನೂ ಆಗಿಲ್ಲ."

"ಅವರ ಮನ್ಯಾಗ ಹತ್ತು ಆಳು ಅದಾವ, ಆ ಸೊಸಿ ಓದಿದಾಕಿ. ನಂದೇ ಕೆಟ್ಟಿರಬೇಕು. ನಲವತ್ತು ವರ್ಷ ಆತಲ್ಲ, ಕೈಗೂ ಸಾಕಾಗ್ಯಾದ."

ಗೌತಮ ಫೋನಿನಲ್ಲಿ ಕೇಳಿ, "ಒಳ್ಳೇದಾತು ಬಿಡವ್ವಾ. ಇನ್ನರ ಆ ಜಾಡಿ ಬಿಟ್ಟು ಬಾ," ಎಂದ. ಅವಳು ಹೂಂ ಎಂದಳು. ಹೂಂ ಎಂದ ಮೇಲೆ ಒಂದು ಬಗೆಯ ಹಗುರವೂ ಆಯಿತು. ಅದಕ್ಕೆ ನಾಚಿಕೆಯೂ ಆಯಿತು. ಟ್ರಂಕಿನಲ್ಲಿ ಎರಡು ಸೀರೆ ಇಟ್ಟಳು. ಆದರೆ ಮಾನ್ವಿಯಲ್ಲಿ ಒಬ್ಬಳು ಬಾಯಿ ಕೆಟ್ಟು ಮಲಗಿದ್ದಾಳೆ, ಕೊಟ್ಟದ್ದು ಕೊಳೆತು ಹಿಂದಕ್ಕೆ ಬಂದಿದೆ ಎಂಬುದು ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಬೇರೆ ಹೋಳು ಕೊಟ್ಟು, ತಪ್ಪಾಯಿತು ಎಂದು ಹೇಳಿಯೇ ರಾಯಚೂರಿಗೆ ಹೋಗುವುದು ಎಂದು ನಿಶ್ಚಯಿಸಿದಳು. ದೊಡ್ಡ ಜಾಡಿಯಿಂದ ನಾಲ್ಕು ಹೋಳು ಬೇಕಾಗಿತ್ತು. ತಾನು ಮುಟ್ಟಲೊಲ್ಲದೆ ಜಾಹೆದಾಳ ಕೈಯಿಂದ ತೆಗೆಸಿ, ಸಣ್ಣ ಗಾಜಿನ ಶೀಸೆಯೊಂದಕ್ಕೆ ಹಾಕಿಸಿಕೊಂಡಳು.

ದೇವದುರ್ಗದಿಂದ ಮಾನ್ವಿಗೆ ಬಸ್ಸು ಸಿರವಾರದ ಮೇಲೆ ಹೋಗುತ್ತದೆ. ಕಿಟಕಿಯ ಆಚೆ ಮೊದಲು ಹತ್ತಿ, ಆಮೇಲೆ ಕಾಲುವೆ, ಕಾಲುವೆಯ ನಂತರ ಕೊಯ್ಲಿಗೆ ಬಂದ ಭತ್ತ. ಗೋಪಮ್ಮನಿಗೆ ಅದನ್ನೆಲ್ಲ ನೋಡುವ ಆಸಕ್ತಿ ಇರಲಿಲ್ಲ. ಶೀಸೆಯನ್ನು ಮಡಿಲಲ್ಲಿ ಹಿಡಿದು ನಿದ್ದೆ ಹೋದಳು. ಕಂಡಕ್ಟರ್ ಎಬ್ಬಿಸಬೇಕಾಯಿತು: "ಯವ್ವಾ, ಮಾನ್ವಿ ಬಂತು. ಇಳೀತಿಯೋ, ಸಿಂಧನೂರು ನೋಡಿ ಬರ್ತಿಯೋ?"

ಸಾಹುಕಾರರ ಮನೆಗೆ ಅವಳು ಹಿತ್ತಲ ಕಡೆಯಿಂದ ಹೋದಳು. ಕಾಲಿಗೆ ಗೊತ್ತಿದ್ದ ದಾರಿ ಅದೊಂದೇ. ಶೈಲಜಾ ಮಕ್ಕಳ ಶಾಲೆಗೆ ಹೋಗಿದ್ದಳು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತವಳನ್ನು ನೋಡಿ ಗೋಪಮ್ಮನಿಗೆ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಗದ್ದೆಯ ಬದುವಿನ ಮೇಲೆ ನಿಂತು ಅರವತ್ತು ಆಳುಗಳಿಗೆ ಕೇಳುವಂತೆ ಕೂಗುತ್ತಿದ್ದ ವೀರಭದ್ರಮ್ಮ ಒಣಗಿ ಹಿಡಿಯಷ್ಟಾಗಿದ್ದಳು. ಸೆರಗಿನ ಕೆಳಗೆ ಬೋಳು ತಲೆ, ಹಣೆಯ ಮೇಲೆ ಮುಂಜಾನೆಯ ವಿಭೂತಿ.

"ಯಾರು, ಗೋಪಿಯೇನ? ನಿನಗೂ ವಯಸ್ಸಾತಲ್ಲೇ."

"ನಿಮ್ಮ ಕೂಡ ಆತ್ರಿ ಅವ್ವಾರೆ," ಎಂದು ಗೋಪಮ್ಮ ಮೆಟ್ಟಿಲ ಮೇಲೆ ಕುಳಿತಳು. "ಹೆಂಗದೀರಿ?"

"ಏನ್ ಹೇಳ್ಲಿ. ಬಾಯಾಗ ಕಬ್ಬಿಣ ಇಟ್ಕೊಂಡಂಗ ಅದ. ಆ ಲಿಂಬಿಕಾಯಿ ಎಂಟ ದಿನ ಏನ್ ಚಂದ ಹತ್ತಿತ್ತು! ದಿನಾ ಅರ್ಧ ರೊಟ್ಟಿ ತಿಂದೆ. ಆಮ್ಯಾಲ ಅದೂ ಕೆಟ್ಟಿತು. ನನ್ನ ದೈವ."

"ನಿಮ್ಮ ದೈವ ಅಲ್ರಿ, ನನ್ನ ಕೈ. ತಪ್ಪಾತ್ರಿ. ನಾಕ ಹೋಳು ತಂದೀನಿ, ಇವು ನಾ ಮುಟ್ಟಿಲ್ಲ, ಜಾಹೆದಾನ ಕೈಲೆ ತಗಸಿದ್ದು. ತಿಂದು ನೋಡ್ರಿ."

ವೀರಭದ್ರಮ್ಮನ ಮುಖದಲ್ಲಿ ಮಕ್ಕಳಂಥ ಆಸೆ ಮೂಡಿತು. ಶೀಸೆಯಿಂದ ಒಂದು ಹೋಳನ್ನು ತಟ್ಟೆಗೆ ಹಾಕಿಸಿಕೊಂಡಳು. ಹೊರಸಿನ ಪಕ್ಕ ಒಂದು ತಾಮ್ರದ ತಂಬಿಗೆ ಇತ್ತು, ಅದರ ಬಾಯಲ್ಲಿ ಒಂದು ಬಿಲ್ವದ ಎಲೆ. ಅವಳು ಎಲೆಯನ್ನು ತಂಬಿಗೆಯಲ್ಲಿ ಅದ್ದಿ, ಕಣ್ಣು ಮುಚ್ಚಿ, "ಶಿವಾ" ಎಂದು ಹೋಳಿನ ಮೇಲೆ ಮೂರು ಸಲ ನೀರು ಚಿಮುಕಿಸಿದಳು. ಚಿಮುಕಿಸುವಾಗ ಗೋಪಮ್ಮ ಎದುರಿಗೆ ಇದ್ದಾಳೆ ಎಂಬ ಸಂಕೋಚ ಅವಳಿಗೇನೂ ಇರಲಿಲ್ಲ. ಊಟಕ್ಕೆ ಮೊದಲು ಕೈ ತೊಳೆದಷ್ಟು ಸಹಜವಾಗಿತ್ತು.

ಗೋಪಮ್ಮ ತಂಬಿಗೆಯನ್ನೇ ನೋಡುತ್ತಿದ್ದಳು.

"ಅವ್ವಾರೆ, ಅದು ಏನ್ ನೀರ್ರಿ?"

"ಕೃಷ್ಣಾ ಹೊಳೀದು. ತರಿಸಿ ಇಟ್ಟಿರ್ತೀನಿ."

"ಆ ಜಾಡಿಗೂ ಹಿಂಗ ಹಾಕಿದ್ರೇನ್ರಿ?"

"ಹಾಕಲಾರದ ಹೆಂಗ ಒಳಗ ಇಟ್ಕೊಳ್ಳೂದು? ಒಂದೊಂದ ಹೋಳಂದ್ರ ಹಿಂದಕೂ ಹಿಂಗ ಶುದ್ಧ ಮಾಡಿ ತಿಂತಿದ್ವಿ, ನಮ್ಮತ್ತಿನೂ ಹಂಗ ಮಾಡ್ತಿದ್ಲು. ಇದು ದೇವರ ಮನೀ ಬಾಜೂಕ ಇಡೂ ಜಾಡಿ. ದಿನಾ ಮುಂಜಾನಿ ಪೂಜಿ ಆದ ಮ್ಯಾಲೆ ಬಟ್ಟಿ ಬಿಚ್ಚಿ ನಾಕ ಹನಿ ಹಾಕ್ತಿದ್ದೆ. ಆ ಹುಡುಗಿಗೆ ಗೊತ್ತಿಲ್ಲ, ಅಕಿ ಇಂಥಾದ್ದು ನೋಡಿದ್ರ ಬೈತಾಳ..." ಮಾತು ಅಲ್ಲಿಗೆ ನಿಂತಿತು. ಎಪ್ಪತ್ತರ ಹತ್ತಿರದ ಆ ಹೆಂಗಸು ತಾನೂ ವರ್ಷ ವರ್ಷ ಮಾವಿನಕಾಯಿ ಹಾಕಿದವಳು. ಉಪ್ಪಿನಕಾಯಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ಜಾಡಿಯನ್ನು ಉಪ್ಪಿನಕಾಯಿ ಎಂದು ಅವಳು ಎಣಿಸಿಯೇ ಇರಲಿಲ್ಲ.

ಗೋಪಮ್ಮ ಗೋಡೆಗೆ ಒರಗಿದಳು. ಮೊದಲು ಬಂದದ್ದು ಸಿಟ್ಟಲ್ಲ. ನನ್ನ ಕೈ ಕೆಟ್ಟಿಲ್ಲ ಎಂಬ ಮಾತೊಂದೇ ಎದೆಯಲ್ಲಿ ಗುಡುಗುಡಿಸಿತು. ಸಿಟ್ಟು ಅದರ ಹಿಂದೆ ಬಂತು. ಮೂವತ್ತು ವರ್ಷದ ಹೋಳುಗಳು, ಗಿಡದ ಕೆಳಗೆ ಕೊಳೆಯುತ್ತಿರುವ ಹಣ್ಣು, ಚಹಾದಂಗಡಿಯ ಮಾತು. ಬಾಯಿ ತೆರೆದರೆ ಇವತ್ತು ಏನೇನೋ ಬರುತ್ತಿತ್ತು. ಆದರೆ ಎದುರಿಗೆ ಕುಳಿತದ್ದು ಹಿಡಿಯಷ್ಟು ಮೈ. ತನ್ನ ಮೈಯಲ್ಲೂ ಜಗಳಕ್ಕೆ ಬೇಕಾದಷ್ಟು ಶಕ್ತಿ ಇರಲಿಲ್ಲ.

"ಇಪ್ಪತ್ತ ದಿನ ಆತ್ರಿ ಅವ್ವಾರೆ, ಜಾಡಿ ಮುಟ್ಟಿಲ್ಲ ನಾ," ಎಂದಳು. "ನನ್ನ ಕೈ ಸತ್ತದ ಅಂತ ತಿಳ್ಕೊಂಡಿದ್ದೆ."

ವೀರಭದ್ರಮ್ಮ ತಟ್ಟೆಯನ್ನೇ ನೋಡುತ್ತ, "ಹಿಂಗ ಆಗ್ತದಂತ ನನಗೇನ್ ಗೊತ್ತು," ಎಂದಳು. ಆಮೇಲೆ ಶೀಸೆಯ ಕಡೆ ಕಣ್ಣು ಹಾಯಿಸಿ, "ಉಳದ ಮೂರು ಇಟ್ಟು ಹೋಗ್ತಿಯಿಲ್ಲೋ?" ಎಂದಳು.

ಗೋಪಮ್ಮ ಶೀಸೆಯ ಮುಚ್ಚಳ ಬಿಗಿ ಮಾಡಿದಳು. "ಇಡ್ತೀನ್ರಿ. ಒಂದೊಂದ ಹೊರಗ ತಗದು, ನೀರು ಹಾಕ್ಕೊಳ್ಳೂದಿದ್ರ ಆಮ್ಯಾಲ ಹಾಕ್ಕೋರಿ. ಶೀಸೆದಾಗ ಹಾಕಬ್ಯಾಡ್ರಿ. ಅಷ್ಟ ಮಾಡ್ರಿ."

ವೀರಭದ್ರಮ್ಮ ಒದ್ದೆಯ ಹೋಳನ್ನು ಬಾಯಿಗಿಟ್ಟು ಚೀಪಿದಳು. ಮುಖ ಅರಳಲಿಲ್ಲ. "ಸಪ್ಪಗಾಗ್ಯಾದ," ಎಂದಳು. ಆಮೇಲೆ ಕೈ ಮುಂದೆ ಚಾಚಿ, ಶೀಸೆಯನ್ನು ತಾನೇ ಇಸಿದುಕೊಂಡು, ಇನ್ನೊಂದು ಹೋಳನ್ನು ತೆಗೆದು ನೀರು ಸೋಕಿಸದೆ ಬಾಯಿಗೆ ಹಾಕಿಕೊಂಡಳು. ರುಚಿಗಾಗಿ ಮಾಡಿದಳೋ, ಮತ್ತೆ ಯಾವುದಕ್ಕೋ, ಅವಳಿಗೇ ಗೊತ್ತು.

ಏಳುವಾಗ ಗೋಪಮ್ಮ ಒಂದು ಮಾತು ಕೇಳಿದಳು. "ನಮ್ಮೂರಾಗ ನನ್ನ ಕೈ ಕೆಟ್ಟದ ಅಂತ ಹೇಳ್ಯಾರ್ರಿ. ಅದು ಸುಳ್ಳಂತ ನಿಮ್ಮ ಕಡಿಂದ ಒಂದು ಮಾತು ಹೇಳಿ ಕಳಸ್ರಿ."

"ಕಳಸ್ತೀನಿ ಹೋಗು," ಎಂದಳು ವೀರಭದ್ರಮ್ಮ.

ಕಳಿಸಿದ್ದು ಹೌದು. ಎರಡು ದಿನಕ್ಕೆ ಅದೇ ಡ್ರೈವರ ಅಕ್ಕಿಯ ಲೋಡಿನ ಜೊತೆ ದೇವದುರ್ಗಕ್ಕೆ ಬಂದವನು, ಗೋಪಮ್ಮನದೇನೂ ತಪ್ಪಿಲ್ಲವಂತೆ, ಮನೆಯ ಆಳು ಒದ್ದೆಯ ಚಮಚ ಹಾಕಿದ್ದಳಂತೆ ಎಂದು ಚಹಾದಂಗಡಿಯಲ್ಲಿ ಹೇಳಿ ಹೋದ. ಅರ್ಧ ನಿಜ. ಗೋಪಮ್ಮನಿಗೆ ಅಷ್ಟು ಸಾಕಾಯಿತು. ಸಾಕು ಎಂದುಕೊಂಡಳು ಎನ್ನುವುದು ಇನ್ನೂ ಸರಿಯಾದೀತು. ಪೂರ್ತಿ ನಿಜವನ್ನು ಜಾಹೆದಾಳಿಗೆ ಹೇಳಿದಾಗ ಅವಳು ಹಣೆ ಬಡಿದುಕೊಂಡು, "ಈಗರ ನಗು ಅಕ್ಕಾ, ಕೈ ಉಳೀತು," ಎಂದಳು.

"ಏನ್ ನಗ್ಲಿ. ಕೆಟ್ಟಿದ್ರ ಕೂತು ಉಣ್ಣಬೌದಿತ್ತು. ಈಗ ಮತ್ತ ದುಡೀಬೇಕು."

ಗಿಡದಲ್ಲಿ ಉಳಿದದ್ದು ಎಪ್ಪತ್ತು ಚಿಲ್ಲರೆ ಹಣ್ಣು. ಪ್ರತಿ ವರ್ಷದ ಮೂರರಲ್ಲೊಂದು ಪಾಲೂ ಅಲ್ಲ. ಅಷ್ಟನ್ನೇ ಕಿತ್ತು, ಒರೆಸಿ, ಸೀಳಿ, ಉಪ್ಪು ತುಂಬಿದಳು. ದೊಡ್ಡ ಜಾಡಿಯ ಬಟ್ಟೆ ಬಿಚ್ಚಿದಳು. ಒಳಗೆ ಎಲ್ಲ ಸರಿಯಿತ್ತು. ಕೈಯನ್ನು ಮೊಣಕೈಯವರೆಗೆ ಇಳಿಸಿ ತಳದ ಹಳೆಯ ಹೋಳುಗಳನ್ನು ಒಮ್ಮೆ ಮುಟ್ಟಿ ನೋಡಿ, ಹೊಸದನ್ನು ಮೇಲೆ ಸುರಿದಳು.

ಅಮಾವಾಸ್ಯೆಯ ದಿನ ಗೌತಮ ಕರೆದೊಯ್ಯಲು ಬಂದಾಗ ಅವಳು ಅವನಿಗೂ ನೀರಿನ ಮಾತು ಹೇಳಿದಳು. ಅವನ ದವಡೆ ಬಿಗಿದಿತ್ತು.

"ಇನ್ನ ಮ್ಯಾಲೆ ಆ ಮನೀಗೆ ಒಂದ ಹೋಳು ಕೊಡಬ್ಯಾಡವ್ವಾ."

"ರೋಗದವರಿಗೆ ಇಲ್ಲ ಅನ್ನಾಕ ಬರಂಗಿಲ್ಲಪಾ."

"ಬರಂಗಿಲ್ಲ ಅಂದವರ್ಯಾರು?"

"ನಿಮ್ಮಜ್ಜಿ."

"ಅಕಿ ಸತ್ತು ಮೂವತ್ತ ವರ್ಷ ಆತು!"

"ಆದ್ರೂ ಜಾಡಿ ಅಕೀದ ಅದ," ಎಂದಳು ಗೋಪಮ್ಮ. "ನೀ ಮಾನ್ವಿಗೆ ಹೋಗಿ ಜಗಳಾ ತಗೀಬ್ಯಾಡ. ಆ ಜಗಳಾ ಹೊತ್ಕೊಂಡು ಅಡ್ಡಾಡಾಕ ನನ್ನ ಕಾಲಿಗೆ ಆಗಂಗಿಲ್ಲ. ಆದ್ರ ಒಂದು ಹೇಳ್ತೀನಿ, ಇನ್ನ ಯಾರಿಗೂ ಜಾಡಿ ಕೊಡಂಗಿಲ್ಲ. ಬೇಕಾದವರು ನನ್ನ ಮುಂದ ಕುಂತು ತಿಂದು ಹೋಗ್ಲಿ."

ಜಾಡಿಯನ್ನು ಬಿಟ್ಟು ಬಾ ಎಂದು ಗೌತಮ ಆಮೇಲೆ ಹೇಳಲಿಲ್ಲ. ಬಾಡಿಗೆಯ ಜೀಪು ತಂದು, ಗೋಣಿಚೀಲ ಸುತ್ತಿ, ತಾನೇ ಎತ್ತಿ ಇಟ್ಟ. ಗಿಡಕ್ಕೆ ನೀರು ಹಾಕುವುದು ಜಾಹೆದಾಳ ಪಾಲಿಗೆ ಬಂತು.

ಗೋಪಮ್ಮ ಈಗ ರಾಯಚೂರಿನಲ್ಲಿದ್ದಾಳೆ. ಮಗನ ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿದೆ. ಬಿಸಿಲು ಇರುವುದು ಅದರ ಮೇಲಿನ ಮಾಳಿಗೆಯಲ್ಲಿ. ಮುಂಜಾನೆ ಗೌತಮ ಕಚೇರಿಗೆ ಹೋಗುವ ಮೊದಲು ಜಾಡಿಯನ್ನು ಮೇಲಕ್ಕೆ ಹೊತ್ತು ಇಡುತ್ತಾನೆ, ಸಂಜೆ ಮೌನೇಶ್ವರಿ ಬಂದು ಇಳಿಸುತ್ತಾಳೆ. ನಡುವಿನ ಕಾವಲು ಗೋಪಮ್ಮನದು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಬರುವ ವೀರಭದ್ರಮ್ಮನನ್ನು ಶೈಲಜಾ ರಟ್ಟೆ ಹಿಡಿದು ಮೊದಲನೆಯ ಮಹಡಿಯವರೆಗೆ ಹತ್ತಿಸುತ್ತಾಳೆ. ಅದಕ್ಕಿಂತ ಮೇಲೆ ಅವಳಿಗೆ ಆಗುವುದಿಲ್ಲ. ಗೋಪಮ್ಮ ಒಂದು ಮಹಡಿ ಇಳಿದು ಹೋಗಿ ಒಂದು ಹೋಳು ಕೊಡುತ್ತಾಳೆ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಮೊಣಕಾಲಿನ ಬಗ್ಗೆ ಮಾತಾಡುತ್ತಾರೆ. ಗೌತಮ ಮನೆಯಲ್ಲಿದ್ದರೆ ಹೊರಗೆ ಬರುವುದಿಲ್ಲ.

ಚಳಿ ಇನ್ನೂ ಹೋಗಿಲ್ಲ. ಮಧ್ಯಾಹ್ನ ಎರಡಕ್ಕೆ ನೀರಿನ ಟ್ಯಾಂಕಿನ ನೆರಳು ಜಾಡಿಯ ಮೇಲೆ ಬರುತ್ತದೆ. ಆಗ ಗೋಪಮ್ಮ ಎದ್ದು, ಕೆಳಗೆ ಹಾಸಿದ ಗೋಣಿಯ ಎರಡು ಮೂಲೆ ಹಿಡಿದು, ಜಾಡಿಯನ್ನು ನಾಲ್ಕು ಹೆಜ್ಜೆ ಬಿಸಿಲಿಗೆ ಎಳೆಯುತ್ತಾಳೆ. ನಿಂತು ಉಸಿರು ತಿರುಗಿಸಿಕೊಳ್ಳುತ್ತಾಳೆ. ಮೂರೂವರೆಗೆ ಮತ್ತೆ ನಾಲ್ಕು ಹೆಜ್ಜೆ ಎಳೆಯುತ್ತಾಳೆ.